ಗಾಳಿಯ ದಾರಿ, ಗಾಳಿಯ ಸೋರಿಕೆ

(ಶಾಲಾ ವಾರ್ಷಿಕೋತ್ಸವದ ಅಂಗವಾಗಿ ನಡೆದ ಪೋಷಕರ ಸಭೆಯಲ್ಲಿ ಮಾಡಿದ ಉಪನ್ಯಾಸದ ಬರಹರೂಪ)



ಕೊಡ ಸೋರಿದರೆ ನೆಲ ಒದ್ದೆಯಾಗುತ್ತದೆ. ಚೀಲ ಸೋರಿದರೆ ಇರುವೆಗಳ ಸಾಲು ಬಂದು ತಿಳಿಸುತ್ತದೆ. ಗಾಳಿ ಸೋರಿದರೆ ತಿಳಿಸುವವರು ಯಾರು? ಗಾಳಿಗೆ ಬಣ್ಣವಿಲ್ಲ, ಆಕಾರವಿಲ್ಲ. ಅದಕ್ಕಾಗಿ ನಾವು ಕಟ್ಟಿದ ದಾರಿಯಲ್ಲಿ ಅದು ನಿಜವಾಗಿಯೂ ಹೋಗುತ್ತಿದೆಯೆ, ನಡುವೆ ಎಲ್ಲಿಯಾದರೂ ನುಸುಳಿಹೋಗುತ್ತಿದೆಯೆ ಎಂಬುದನ್ನು ಕಣ್ಣಿನಿಂದ ಕಂಡು ಹೇಳುವುದು ಸಾಧ್ಯವಿಲ್ಲ, ಪರೀಕ್ಷಿಸಿಯೇ ತಿಳಿಯಬೇಕು. ಈ ಪರೀಕ್ಷೆಯ ವಿಚಾರವಾಗಿ ಕೆಲವು ಮಾತುಗಳನ್ನು ಇಂದು ನಿಮ್ಮ ಮುಂದಿಡಲು ಬಯಸುತ್ತೇವೆ.

ಮನೆಯನ್ನು ಬೆಚ್ಚಗೆ ಇಡುವುದಕ್ಕೊ ತಂಪಾಗಿ ಇಡುವುದಕ್ಕೊ, ಇಲ್ಲವೆ ಹೊಗೆಯನ್ನು ಹೊರಕ್ಕೆ ಕಳುಹಿಸುವುದಕ್ಕೊ ಕಟ್ಟಿದ ಕೊಳವೆಯನ್ನು ನಾವು ಗಾಳಿಕೊಳವೆ ಎಂದು ಕರೆಯೋಣ. ಗಿರಣಿಗಳಲ್ಲಿ ಕೆಲಸ ಮಾಡುವವರು ಇದನ್ನು ಡಕ್ಟು ಎನ್ನುತ್ತಾರೆ. “ಇಂಥ ಕೊಳವೆ ನಮ್ಮ ಮನೆಯಲ್ಲಿ ಎಲ್ಲಿದೆ?” ಎಂದು ನೀವು ಕೇಳಬಹುದು. ಸೇಲಂ ಮತ್ತು ಧರ್ಮಪುರಿ ಜಿಲ್ಲೆಗಳಲ್ಲಿಯೂ, ೨೦೦೪ರಲ್ಲಿ ಧರ್ಮಪುರಿಯಿಂದ ಬೇರೆಯಾದ ಕೃಷ್ಣಗಿರಿ ಜಿಲ್ಲೆಯಲ್ಲಿಯೂ ವಾಸಿಸುವ ನಮಗೆ ಇದು ಅಷ್ಟೇನೂ ಅಪರಿಚಿತವಲ್ಲ. ಸೌದೆಯ ಒಲೆಯ ಮೇಲೆ ನಿಂತ ಹೊಗೆಕೊಳವೆ ಒಂದು ಗಾಳಿಕೊಳವೆಯೇ. ಪೇಟೆಯ ಮನೆಗಳಲ್ಲಿ ಗ್ಯಾಸ್ ಒಲೆಯ ಮೇಲೆ ತಗುಲಿಸಿದ ವಿದ್ಯುತ್ ಚಿಮಣಿಯ ಹಿಂದಿನ ಸುಕ್ಕುಸುಕ್ಕಾದ ಅಲ್ಯೂಮಿನಿಯಂ ಕೊಳವೆಯೂ ಅದೇ. ಸುಮಾರು ೧೫೦೦ ಮೀಟರ್ ಎತ್ತರದ ಏರ್ಕಾಡಿನಂಥ ಚಳಿಯೂರುಗಳ ಹಳೆಯ ಬಂಗಲೆಗಳಲ್ಲಿ ಗೋಡೆಯೊಳಗೆ ಕಟ್ಟಿದ ಅಗ್ಗಿಷ್ಟಿಕೆಯ ಹೊಗೆದಾರಿಯೂ ಅದೇ ಜಾತಿಯದು. ಸೇಲಂ ಸುತ್ತಣ ನೂಲಿನ ಗಿರಣಿಗಳಲ್ಲಿ ಮೇಲ್ಛಾವಣಿಯ ಕೆಳಗೆ ಸಾಗುವ ತಗಡಿನ ದೊಡ್ಡ ನಾಳಗಳನ್ನು ತಂದೆಯಂದಿರಲ್ಲಿ ಅನೇಕರು ಬಲ್ಲರು. ಇನ್ನು ನಮ್ಮ ಕನ್ನಡ ಮನೆತನಗಳ ಮಕ್ಕಳು ಅಮೆರಿಕದಲ್ಲಿ ವಾಸಿಸುವ ಮನೆಗಳಲ್ಲಂತೂ ನೆಲದಡಿಯಲ್ಲಿಯೂ ಅಟ್ಟದಲ್ಲಿಯೂ ಇಂಥ ಕೊಳವೆಗಳು ಹಬ್ಬಿಕೊಂಡಿರುತ್ತವೆ. ಚಳಿಗಾಲದಲ್ಲಿ ಬಿಸಿಗಾಳಿಯನ್ನೂ ಬೇಸಿಗೆಯಲ್ಲಿ ತಂಪುಗಾಳಿಯನ್ನೂ ಕೋಣೆಕೋಣೆಗೆ ಹಂಚುತ್ತವೆ.

ಇವೆಲ್ಲದರಲ್ಲಿ ನಮಗೆ ಅತ್ಯಂತ ಹತ್ತಿರವಾದುದು ಒಲೆಯ ಹೊಗೆಕೊಳವೆ. ಗ್ಯಾಸ್ ಬಂದ ಮನೆಗಳಲ್ಲಿಯೂ ಬಚ್ಚಲ ಹಂಡೆಗೆ ಸೌದೆಯ ಒಲೆ ಎಷ್ಟೋ ಕಡೆ ಉಳಿದಿದೆ. ದೊಡ್ಡ ಪಾತ್ರೆಯಲ್ಲಿ ಮುದ್ದೆ ತಿರುವಬೇಕಾದಾಗ, ಹಬ್ಬದ ಅಡಿಗೆ ಮಾಡಬೇಕಾದಾಗ ಸೌದೆಯೇ ಬೇಕೆನ್ನುವ ಮನೆಗಳೂ ಉಂಟು. ಆದುದರಿಂದ ಮೊದಲು ಅದನ್ನೇ ನೋಡೋಣ.

ನಮ್ಮ ಹಿರಿಯರ ಮನೆಗಳಿಗೆ ನಾಡಹೆಂಚಿನ ಮಾಡು ಇತ್ತು. ಹೆಂಚು ಹೆಂಚಿನ ನಡುವೆ ಸಂದು. ಗೋಡೆಯ ಮೇಲ್ಭಾಗದಲ್ಲಿ ಬೆಳಕಿಂಡಿ. ಒಲೆಗೆ ಕೊಳವೆ ಇಲ್ಲದಿದ್ದರೂ ಹೊಗೆ ಮೇಲೇರಿ ಆ ಸಂದುಗಳಲ್ಲಿ ಹೊರಬೀಳುತ್ತಿತ್ತು. ತೊಲೆ ಜಂತೆಗಳು ಕಪ್ಪಾದರೂ, ಹೊಗೆಯ ಒಂದು ಪಾಲಾದರೂ ಮನೆಯನ್ನು ಬಿಟ್ಟು ಹೋಗುತ್ತಿತ್ತು. ಈಗ ನಾವು ತಾರಸಿ ಹಾಕಿದ್ದೇವೆ. ತಾರಸಿಗೆ ಸಂದಿಲ್ಲ. ಮನೆ ಭದ್ರವಾಯಿತು, ಮಳೆ ಸೋರುವುದು ನಿಂತಿತು. ಜೊತೆಗೆ ಹೊಗೆಗೆ ಇದ್ದ ಹಳೆಯ ದಾರಿಯೂ ಮುಚ್ಚಿತು. ಹಳೆಯ ಮನೆಯಲ್ಲಿ ಮಾಡು ಮಾಡುತ್ತಿದ್ದ ಕೆಲಸವನ್ನು ಹೊಸ ಮನೆಯಲ್ಲಿ ಹೊಗೆಕೊಳವೆಯೊಂದೇ ಮಾಡಬೇಕಾಗಿದೆ. ಆ ಕೊಳವೆ ಸೋರಿದರೆ ಗತಿಯೇನು?

ಹೊಗೆಯಿಲ್ಲದ ಒಲೆಯನ್ನು ಕುರಿತ ಚಿಂತನೆ ನಮ್ಮ ದೇಶದಲ್ಲಿ ಇಂದಿನದಲ್ಲ. ೧೯೫೩ರಲ್ಲಿಯೇ ಹೈದರಾಬಾದಿನ ಇಂಜಿನಿಯರಿಂಗ್ ಸಂಶೋಧನಾಲಯದ ಡಾ. ಎಸ್. ಪಿ. ರಾಜು ಎಂಬುವರು ಕೊಳವೆಯುಳ್ಳ ಮಣ್ಣಿನ ಒಲೆಯೊಂದನ್ನು ರೂಪಿಸಿ ಪ್ರಚಾರ ಮಾಡಿದರು. ೧೯೭೪ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊಫೆಸರ್ ಅಮೂಲ್ಯ ರೆಡ್ಡಿಯವರ ಮುಂದಾಳ್ತನದಲ್ಲಿ ‘ಅಸ್ತ್ರ’ ಎಂಬ ಗ್ರಾಮತಂತ್ರಜ್ಞಾನ ಕೇಂದ್ರ ಆರಂಭವಾಯಿತು. ತುಮಕೂರು ಜಿಲ್ಲೆಯ ಉಂಗ್ರ ಗ್ರಾಮವನ್ನು ತಮ್ಮ ಪ್ರಯೋಗಕ್ಷೇತ್ರವನ್ನಾಗಿ ಮಾಡಿಕೊಂಡ ಆ ವಿಜ್ಞಾನಿಗಳಿಂದ ಹೊಗೆಕೊಳವೆಯುಳ್ಳ ‘ಅಸ್ತ್ರ ಒಲೆ’ ಬಂದಿತು. ೧೯೮೩ರಲ್ಲಿ ಕೇಂದ್ರ ಸರ್ಕಾರ ಸುಧಾರಿತ ಒಲೆಗಳ ರಾಷ್ಟ್ರೀಯ ಕಾರ್ಯಕ್ರಮವನ್ನು ಕೈಗೊಂಡಿತು. ೨೦೦೨ರಲ್ಲಿ ಅದು ಮುಗಿಯುವ ಹೊತ್ತಿಗೆ ದೇಶದಲ್ಲಿ ೩ ಕೋಟಿಗೂ ಹೆಚ್ಚು ಒಲೆಗಳನ್ನು ಹಾಕಲಾಗಿತ್ತು. ಆದರೂ ಅಡಿಗೆಮನೆಯ ಹೊಗೆ ತೊಲಗಲಿಲ್ಲ. ಇದಕ್ಕೆ ಕಾರಣಗಳು ಹಲವು. ಅವುಗಳಲ್ಲಿ ಒಂದು, ಕೊಳವೆಯನ್ನು ನಿಲ್ಲಿಸಿದ ಮೇಲೆ ಅದನ್ನು ಪರೀಕ್ಷಿಸುವವರಿಲ್ಲದೆ ಹೋದುದು.

ವಿದ್ಯಾರ್ಥಿಗಳೆ, ಹೊಗೆಕೊಳವೆ ಕೆಲಸ ಮಾಡುವುದು ಹೇಗೆ? ಯಾವ ಯಂತ್ರವೂ ಇಲ್ಲದೆ ಹೊಗೆಯನ್ನು ಮೇಲಕ್ಕೆ ಎಳೆಯುವ ಶಕ್ತಿ ಯಾವುದು? ಗಾಳಿ ಬಿಸಿಯಾದರೆ ಹಿಗ್ಗುತ್ತದೆ, ಹಿಗ್ಗಿದರೆ ಹಗುರವಾಗುತ್ತದೆ. ೩೦ ಡಿಗ್ರಿ ಸೆಂಟಿಗ್ರೇಡ್ ಉಷ್ಣತೆಯಲ್ಲಿ ಒಂದು ಘನ ಮೀಟರ್ ಗಾಳಿಯ ತೂಕ ಸುಮಾರು ೧.೧೬ ಕಿಲೋಗ್ರಾಂ. ೧೫೦ ಡಿಗ್ರಿಗೆ ಕಾದ ಮೇಲೆ ಅದೇ ಒಂದು ಘನ ಮೀಟರಿನ ತೂಕ ಸುಮಾರು ೦.೮೩ ಕಿಲೋಗ್ರಾಂ. ವ್ಯತ್ಯಾಸ ೦.೩೩ ಕಿಲೋಗ್ರಾಂ. ಕೊಳವೆಯ ಎತ್ತರ ೩ ಮೀಟರ್ ಎಂದಿಟ್ಟುಕೊಳ್ಳಿ. ೩ರಿಂದ ಗುಣಿಸಿದರೆ ಒಂದು ಚದರ ಮೀಟರ್ ಅಗಲಕ್ಕೆ ಸುಮಾರು ಒಂದು ಕಿಲೋಗ್ರಾಂ ತೂಕದ ವ್ಯತ್ಯಾಸ ದೊರೆಯುತ್ತದೆ. ಒಂದು ಚದರ ಮೀಟರ್ ನೆಲದ ಮೇಲೆ ಒಂದು ಕಿಲೋಗ್ರಾಂ ನೀರನ್ನು ಹರಡಿದರೆ ಅದರ ಆಳ ಎಷ್ಟು? ಕೇವಲ ಒಂದು ಮಿಲಿಮೀಟರ್! ನಮ್ಮ ಅಡಿಗೆಮನೆಯ ಹೊಗೆಯನ್ನೆಲ್ಲ ಆಕಾಶಕ್ಕೆ ಎಳೆದೊಯ್ಯುವ ಶಕ್ತಿ ಒಂದು ಮಿಲಿಮೀಟರ್ ನೀರಿನ ಒತ್ತಡಕ್ಕೆ ಸಮ. ವಿಜ್ಞಾನಿಗಳ ಅಳತೆಯಲ್ಲಿ ಹೇಳುವುದಾದರೆ ಸುಮಾರು ೧೦ ಪ್ಯಾಸ್ಕಲ್. ಇಷ್ಟು ಕಿರಿದಾದ ಶಕ್ತಿಯನ್ನು ಕೆಡಿಸುವುದಕ್ಕೆ ದೊಡ್ಡ ತೂತು ಬೇಕಿಲ್ಲ.

ಇಲ್ಲಿಯೇ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಕೊಳವೆಯಲ್ಲಿ ಬಿರುಕಿದ್ದರೆ ಆ ಬಿರುಕಿನಿಂದ ಹೊಗೆ ಹೊರಬರುತ್ತದೆ ಎಂದು ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ಉರಿಯುವ ಒಲೆಯ ಕೊಳವೆ ಎಳೆಯುವ ಕೊಳವೆ. ಅದರೊಳಗಿನ ಒತ್ತಡ ಕೋಣೆಯ ಒತ್ತಡಕ್ಕಿಂತ ಕಡಿಮೆ. ಆದುದರಿಂದ ಬಿರುಕಿನ ಮೂಲಕ ಕೋಣೆಯ ತಣ್ಣನೆಯ ಗಾಳಿ ಒಳಕ್ಕೆ ನುಗ್ಗುತ್ತದೆ. ಒಳನುಗ್ಗಿದ ಗಾಳಿಯಿಂದ ಹೊಗೆ ತಣ್ಣಗಾಗುತ್ತದೆ, ತಣ್ಣಗಾದ ಹೊಗೆ ಭಾರವಾಗುತ್ತದೆ, ಎಳೆತ ಕುಗ್ಗುತ್ತದೆ. ಎಳೆತ ಕುಗ್ಗಿದಾಗ ಹೊಗೆ ಒಲೆಯ ಬಾಯಿಂದಲೇ ಹಿಂದಕ್ಕೆ ಬಂದು ತಾಯಿಯ ಮುಖಕ್ಕೆ ಹೊಡೆಯುತ್ತದೆ. ಸೌದೆ ಹಸಿಯಾಗಿದೆಯೆಂದು ಆಕೆ ಊದುಗೊಳವೆ ಹಿಡಿದು ಊದುತ್ತಾಳೆ. ಆದರೆ ದೋಷವಿರುವುದು ಸೌದೆಯಲ್ಲಲ್ಲ. ಆಕೆಯ ತಲೆಯ ಮೇಲೆ, ಕೊಳವೆಯ ಸಂದಿಯಲ್ಲಿ. ದೋಷ ಇರುವ ಎಡೆ ಒಂದು, ತೋರುವ ಎಡೆ ಇನ್ನೊಂದು. ಊಹೆಯಿಂದ ಕೆಲಸ ಸಾಗದೆ ಪರೀಕ್ಷೆ ಅವಶ್ಯವಾಗುವುದು ಈ ಕಾರಣದಿಂದಲೇ.

ಗಿರಣಿಯ ನಾಳವಾದರೋ ತಳ್ಳುವ ಕೊಳವೆ. ನೂಲು ತುಂಡಾಗದೆ ಬರಬೇಕಾದರೆ ಗಾಳಿಯಲ್ಲಿ ತೇವ ಇರಬೇಕು; ನೂಲುವ ಯಂತ್ರಗಳಿರುವ ವಿಭಾಗದಲ್ಲಿ ಸಾಪೇಕ್ಷ ತೇವಾಂಶವನ್ನು ನೂರಕ್ಕೆ ೫೫ರಿಂದ ೬೦ರಷ್ಟು ಇಡುವುದು ವಾಡಿಕೆ. ಸೇಲಂನ ದೇವಾಂಗ ನೇಕಾರರ ಮನೆಗಳಲ್ಲಿ ಕುಳಿಮಗ್ಗದ ನೆಲದ ತಂಪೇ ಎಳೆಗೆ ತೇವ ಕೊಡುತ್ತಿತ್ತು. ಗಿರಣಿಯಲ್ಲಿ ಬೀಸಣಿಗೆಯೊಂದು ಹೊರಗಿನ ಗಾಳಿಯನ್ನು ನೀರಿನ ತುಂತುರಿನ ನಡುವೆ ಹಾಯಿಸಿ ನಾಳಕ್ಕೆ ತಳ್ಳುತ್ತದೆ. ಆ ನಾಳದ ಕೀಲುಗಳು ಸಡಿಲವಾದರೆ ತೇವದ ಗಾಳಿ ದಾರಿಯಲ್ಲಿಯೇ ಸೋರಿ, ಕೊನೆಯ ಸಾಲಿನ ಯಂತ್ರಕ್ಕೆ ಒಣಗಾಳಿಯೇ ಗತಿ. ಬೀಸಣಿಗೆ ತಿರುಗುತ್ತಿರುತ್ತದೆ, ವಿದ್ಯುತ್ತು ಖರ್ಚಾಗುತ್ತಿರುತ್ತದೆ, ನೂಲು ಮಾತ್ರ ಹರಿಯುತ್ತಿರುತ್ತದೆ.

ಮನೆಮನೆಗೂ ಇಂಥ ನಾಳಗಳುಳ್ಳ ಅಮೆರಿಕದಲ್ಲಿ ಈ ಸೋರಿಕೆಯನ್ನು ಅಳೆಯುವುದು ಒಂದು ವೃತ್ತಿಯೇ ಆಗಿದೆ. ೧೯೭೦ರ ದಶಕದಲ್ಲಿ ತೈಲದ ಬೆಲೆ ಏರಿದಾಗ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ವಿಜ್ಞಾನಿಗಳು ನ್ಯೂಜೆರ್ಸಿಯ ಟ್ವಿನ್ ರಿವರ್ಸ್ ಎಂಬ ಬಡಾವಣೆಯ ಮನೆಗಳನ್ನು ಪರೀಕ್ಷಿಸಿ, ಯಾರ ಕಣ್ಣಿಗೂ ಬೀಳದ ಸಂದುಗಳ ಮೂಲಕ ಬಿಸಿಗಾಳಿ ಅಟ್ಟಕ್ಕೆ ಸೋರುತ್ತಿದ್ದುದನ್ನು ಕಂಡುಹಿಡಿದರು. ನಾಳಗಳುಳ್ಳ ಸಾಮಾನ್ಯ ಮನೆಯೊಂದರಲ್ಲಿ ಅವುಗಳಲ್ಲಿ ಸಾಗುವ ಗಾಳಿಯ ನೂರಕ್ಕೆ ೨೦ರಿಂದ ೩೦ ಭಾಗ ಸೋರಿಕೆಯಲ್ಲಿ ನಷ್ಟವಾಗುತ್ತದೆಂದು ಅಲ್ಲಿನ ಸರ್ಕಾರದ ಎನರ್ಜಿ ಸ್ಟಾರ್ ಕಾರ್ಯಕ್ರಮ ಹೇಳುತ್ತದೆ.

ಇದನ್ನು ಅಳೆಯುವ ಬಗೆ ಬಹು ಸರಳ. ತೂತಿರುವ ಕೊಡವೊಂದಕ್ಕೆ ನೀರು ಹೊಯ್ಯುತ್ತಿದ್ದೀರಿ ಎಂದುಕೊಳ್ಳಿ. ನೀರಿನ ಮಟ್ಟ ಏರದೆ ಇಳಿಯದೆ ಒಂದೇ ಗೆರೆಯಲ್ಲಿ ನಿಲ್ಲುವಂತೆ ಹೊಯ್ದರೆ, ನೀವು ಹೊಯ್ದಷ್ಟೇ ನೀರು ತೂತಿನಿಂದ ಹೋಗುತ್ತಿದೆ ಎಂದರ್ಥ. ತೂತು ಎಲ್ಲಿದೆಯೆಂದು ಕಾಣದಿದ್ದರೂ ಸೋರಿಕೆ ಎಷ್ಟೆಂಬುದು ತಿಳಿಯಿತಷ್ಟೆ? ಅದೇ ರೀತಿ ಕೋಣೆಗಳಿಗೆ ಗಾಳಿ ಬರುವ ಕಿಂಡಿಗಳನ್ನೆಲ್ಲ ಅಂಟುಹಾಳೆಯಿಂದ ಮುಚ್ಚಿ, ಒಂದು ಕಿಂಡಿಗೆ ಮಾತ್ರ ಅಳತೆಯುಳ್ಳ ಬೀಸಣಿಗೆಯನ್ನು ಜೋಡಿಸುತ್ತಾರೆ. ನಾಳದೊಳಗಿನ ಒತ್ತಡ ೨೫ ಪ್ಯಾಸ್ಕಲ್, ಎಂದರೆ ಎರಡೂವರೆ ಮಿಲಿಮೀಟರ್ ನೀರಿನಷ್ಟು, ಆಗುವವರೆಗೆ ಗಾಳಿ ತುಂಬುತ್ತಾರೆ. ಆ ಒತ್ತಡವನ್ನು ಹಾಗೆಯೇ ಉಳಿಸುವುದಕ್ಕೆ ಬೀಸಣಿಗೆ ನಿಮಿಷಕ್ಕೆ ಎಷ್ಟು ಗಾಳಿಯನ್ನು ಊದಬೇಕಾಗುತ್ತದೆಯೊ ಅಷ್ಟೇ ಸೋರಿಕೆ. ಅಲ್ಲಿನ ಅನೇಕ ರಾಜ್ಯಗಳಿಗೆ ಮಾದರಿಯಾದ ಇಂಧನ ನಿಯಮಾವಳಿಯ ೨೦೧೨ರ ಆವೃತ್ತಿಯು ಹೊಸ ಮನೆಯ ಪ್ರತಿ ೧೦೦ ಚದರ ಅಡಿ ನೆಲಕ್ಕೆ ನಿಮಿಷಕ್ಕೆ ೪ ಘನ ಅಡಿಗಿಂತ ಹೆಚ್ಚು ಸೋರಬಾರದೆಂದು ಮಿತಿ ಹಾಕಿತು. ೨೦೦೦ ಚದರ ಅಡಿಯ ಮನೆಗೆ ಇದು ಎಷ್ಟಾಗುತ್ತದೆಂಬ ಲೆಕ್ಕವನ್ನು ವಿದ್ಯಾರ್ಥಿಗಳು ಮಾಡಿನೋಡಲಿ.

ಸೋರಿಕೆ ಎಷ್ಟೆಂದು ತಿಳಿದ ಮೇಲೆ ಎಲ್ಲಿದೆಯೆಂದು ಹುಡುಕಬೇಕು. ಇದಕ್ಕೆ ದೊಡ್ಡ ದೇಶದ ತಜ್ಞರೂ ಬಳಸುವ ಉಪಾಯ ಹೊಗೆ. ಆ ಉಪಕರಣ ನಮ್ಮ ದೇವರ ಗೂಡಿನಲ್ಲಿಯೇ ಇದೆ: ಊದುಬತ್ತಿ. ನಮ್ಮ ಹೊಗೆಕೊಳವೆಯನ್ನು ಪರೀಕ್ಷಿಸುವ ಕ್ರಮವನ್ನು ಈಗ ಹೇಳುತ್ತೇವೆ. ಇದನ್ನು ಹಿರಿಯರು ಮಾಡಬೇಕು. ಮಕ್ಕಳು ಜೊತೆಯಲ್ಲಿ ನಿಂತು ನೋಡಿ ಬರೆದುಕೊಳ್ಳಬೇಕು.

ಮೊದಲನೆಯದಾಗಿ, ಒಲೆ ತಣ್ಣಗಿರುವಾಗ ಕೊಳವೆಯ ಮಸಿಯನ್ನು ತೆಗೆಯಬೇಕು. ಮಸಿ ಕಟ್ಟಿದ ಕೊಳವೆಯನ್ನು ಪರೀಕ್ಷಿಸುವುದು ವ್ಯರ್ಥ. ಎರಡನೆಯದಾಗಿ, ಒಣಪುಳ್ಳೆಗಳಿಂದ ಸಣ್ಣ ಉರಿ ಮಾಡಿ, ಹೊತ್ತಿಸಿದ ಊದುಬತ್ತಿಯನ್ನು ಕೊಳವೆಯ ಪ್ರತಿಯೊಂದು ಕೀಲಿನ ಸುತ್ತಲೂ, ಕೊಳವೆ ಒಲೆಗೆ ಸೇರುವೆಡೆಯಲ್ಲಿಯೂ ನಿಧಾನವಾಗಿ ಆಡಿಸಬೇಕು. ಊದುಬತ್ತಿಯ ಹೊಗೆ ನೆಟ್ಟಗೆ ಏರಿದರೆ ಕೀಲು ಗಟ್ಟಿಯಾಗಿದೆ. ಬಾಗಿ ಒಳಕ್ಕೆ ಸೇದಿಹೋದರೆ ಅಲ್ಲಿ ಸೋರಿಕೆಯಿದೆ. ಸೀಮೆಸುಣ್ಣದಿಂದ ಗುರುತು ಹಾಕಬೇಕು. ಮೂರನೆಯದು, ಸಂದೇಹ ಉಳಿದರೆ ಮಾಡುವ ಪರೀಕ್ಷೆ. ಕಿಟಕಿ ಬಾಗಿಲುಗಳನ್ನೆಲ್ಲ ತೆರೆದು, ತಣ್ಣನೆಯ ಒಲೆಯಲ್ಲಿ ಒಂದು ಹಿಡಿ ನಸುಹಸಿ ಹುಲ್ಲನ್ನು ಹೊಗೆಯಾಡಿಸಿ, ಕೊಳವೆಯಲ್ಲಿ ಹೊಗೆ ತುಂಬಿದೊಡನೆ ಅದರ ತುದಿಯನ್ನು ಒದ್ದೆ ಗೋಣಿಯಿಂದಲೂ ಒಲೆಯ ಬಾಯನ್ನು ತಟ್ಟೆಯಿಂದಲೂ ಮುಚ್ಚಬೇಕು. ಮೇಲಿನ ದಾರಿ ಮುಚ್ಚಿದುದರಿಂದ ಈಗ ಹೊಗೆ ಎಲ್ಲ ಬಿರುಕುಗಳಿಂದಲೂ ಹೊರಕ್ಕೆ ಹಣಕುತ್ತದೆ. ಎರಡು ಮೂರು ನಿಮಿಷಗಳಲ್ಲಿ ಗುರುತು ಹಾಕಿ, ಗೋಣಿಯನ್ನು ತಪ್ಪದೆ ತೆಗೆದುಬಿಡಬೇಕು.

ವಿದ್ಯುತ್ ಚಿಮಣಿ ಇರುವ ಮನೆಯವರು ಗ್ಯಾಸ್ ಒಲೆಯನ್ನು ಆರಿಸಿ, ಸಿಲಿಂಡರಿನ ಬಿರಡೆಯನ್ನು ಮುಚ್ಚಿದ ಮೇಲೆ ಬೀಸಣಿಗೆ ಹಾಕಿ ಇದೇ ಊದುಬತ್ತಿಯನ್ನು ಕೊಳವೆಯ ಉದ್ದಕ್ಕೂ ಹಿಡಿದು ನೋಡಬಹುದು. ಬೀಸಣಿಗೆಯ ಮುಂದಿನ ಕೊಳವೆ ತಳ್ಳುವ ಕೊಳವೆಯಾದುದರಿಂದ ಸೋರುವೆಡೆಯಲ್ಲಿ ಹೊಗೆ ಹೊರಕ್ಕೆ ಚದರುತ್ತದೆ. ಗೋಡೆಗೆ ತಗುಲಿಸುವ ಎ.ಸಿ. ಯಂತ್ರಕ್ಕೆ ಇಂಥ ನಾಳವೇ ಇಲ್ಲ. ಅಂಥ ಕೋಣೆಯಲ್ಲಿ ಕಿಟಕಿಯ ಸಂದು, ಬಾಗಿಲ ಅಡಿಯ ಸಂದುಗಳನ್ನು ನೋಡಿದರೆ ಸಾಕು.

ಇಲ್ಲಿ ಒಂದು ಎಚ್ಚರಿಕೆಯನ್ನು ಗಟ್ಟಿಯಾಗಿ ಹೇಳಬೇಕಾಗಿದೆ. ಗ್ಯಾಸಿನ ರಬ್ಬರ್ ಕೊಳವೆಯನ್ನು ಊದುಬತ್ತಿಯಿಂದಾಗಲಿ ಬೆಂಕಿಕಡ್ಡಿಯಿಂದಾಗಲಿ ಎಂದಿಗೂ ಪರೀಕ್ಷಿಸಕೂಡದು. ಅದಕ್ಕೆ ಸಾಬೂನಿನ ನೊರೆಯೇ ತಕ್ಕುದು. ಸೋರುವೆಡೆಯಲ್ಲಿ ಗುಳ್ಳೆ ಏಳುತ್ತದೆ. ಗ್ಯಾಸಿನ ವಾಸನೆ ಬಂದರೆ ವಿದ್ಯುತ್ ಗುಂಡಿಗಳನ್ನು ಮುಟ್ಟದೆ, ಕಿಟಕಿ ಬಾಗಿಲು ತೆರೆದು, ಹೊರಗೆ ಬಂದು ೧೯೦೬ ಸಂಖ್ಯೆಗೆ ದೂರವಾಣಿ ಮಾಡಬೇಕು. ಹಾಗೆಯೇ ತಳಿ, ಡೆಂಕಣಿಕೋಟೆಗಳ ಕಡೆ ಮಾರ್ಗಶಿರ ಪುಷ್ಯ ಮಾಸಗಳ ಚಳಿಗೆ ಇದ್ದಲಿನ ಕುಂಪಟಿ ಇಟ್ಟು ಬಾಗಿಲು ಮುಚ್ಚಿ ಮಲಗುವುದು ಪ್ರಾಣಕ್ಕೇ ಅಪಾಯ. ಇದ್ದಲಿನಿಂದ ಹೊರಡುವ ಕಾರ್ಬನ್ ಮೊನಾಕ್ಸೈಡ್ ಅನಿಲಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ; ಮಲಗಿದವರನ್ನು ಅದು ಎಬ್ಬಿಸುವುದಿಲ್ಲ.

ಗುರುತು ಹಾಕಿದ ಸಂದುಗಳನ್ನು ಮುಚ್ಚುವುದು ಹೇಗೆ? ಮಣ್ಣಿನ ಒಲೆಗೆ ಜೇಡಿಮಣ್ಣು, ಸಗಣಿ, ಹೊಟ್ಟು ಕಲಸಿದ ಮೆತ್ತೆ ಸಾಕು. ಒಣಗಿದ ಮೇಲೆ ಬಿರಿದರೆ ಮತ್ತೊಮ್ಮೆ ಮೆತ್ತಬೇಕು. ಹಳೆಯ ಕಲ್ನಾರಿನ ಕೊಳವೆಯಿದ್ದರೆ ಅದನ್ನು ಗರಗಸದಿಂದ ಕೊಯ್ಯುವುದಾಗಲಿ ಉಜ್ಜುವುದಾಗಲಿ ಬೇಡ, ಅದರ ಧೂಳು ಶ್ವಾಸಕೋಶಕ್ಕೆ ಕೇಡು. ತಗಡಿನ ನಾಳಗಳಿಗಾದರೆ ಅದಕ್ಕೆಂದೇ ಮಾಡಿದ ಮೆತ್ತನೆಯ ಅಂಟು ದೊರೆಯುತ್ತದೆ. ಈ ವಿಷಯದಲ್ಲಿ ಒಂದು ಸ್ವಾರಸ್ಯವುಂಟು. ಇಂಗ್ಲಿಷಿನಲ್ಲಿ ‘ಡಕ್ಟ್ ಟೇಪ್’ ಎಂದು ನಾಳದ ಹೆಸರನ್ನೇ ಹೊತ್ತ ಬಟ್ಟೆಯ ಅಂಟುಪಟ್ಟಿಯೊಂದಿದೆ. ಕ್ಯಾಲಿಫೋರ್ನಿಯದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯದ ಮ್ಯಾಕ್ಸ್ ಶರ್ಮನ್ ಮತ್ತು ಇಯಾನ್ ವಾಕರ್ ಎಂಬ ವಿಜ್ಞಾನಿಗಳು ಹಲವು ಬಗೆಯ ಅಂಟುಗಳನ್ನು ಶಾಖಕ್ಕೊಡ್ಡಿ ಪರೀಕ್ಷಿಸಿ ೧೯೯೮ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ನಾಳದ ಕೀಲನ್ನು ಮುಚ್ಚುವ ಕೆಲಸದಲ್ಲಿ ಸೋತದ್ದು ನಾಳದ ಹೆಸರು ಹೊತ್ತ ಆ ಪಟ್ಟಿಯೇ! ಹೆಸರನ್ನು ನಂಬಬಾರದು, ಪರೀಕ್ಷೆಯನ್ನು ನಂಬಬೇಕು.

ಇಷ್ಟೆಲ್ಲ ಶ್ರಮ ಒಂದು ಕೊಳವೆಗಾಗಿ ಬೇಕೆ ಎಂದು ಯಾರಾದರೂ ಕೇಳಬಹುದು. ಮನೆಯೊಳಗಿನ ಹೊಗೆಯಿಂದ ೨೦೨೦ರ ಒಂದೇ ವರ್ಷದಲ್ಲಿ ಪ್ರಪಂಚದಲ್ಲಿ ಸುಮಾರು ೩೨ ಲಕ್ಷ ಜನ ಅಕಾಲ ಮರಣಕ್ಕೆ ತುತ್ತಾದರೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ. ಒಲೆಯ ಮುಂದೆ ಕುಳಿತ ತಾಯಿಯೂ ಆಕೆಯ ಮಡಿಲಿನ ಕೂಸೂ ಮೊದಲು ಆ ಹೊಗೆಯನ್ನು ಉಸಿರಾಡುವವರು. ನಮ್ಮ ದೇಶದ ಒಡಿಶಾ ರಾಜ್ಯದಲ್ಲಿ ಎಸ್ತರ್ ಡುಫ್ಲೊ ಮೊದಲಾದ ಅರ್ಥಶಾಸ್ತ್ರಜ್ಞರು ಕೊಳವೆಯುಳ್ಳ ಸುಧಾರಿತ ಒಲೆಗಳನ್ನು ಪಡೆದ ಮನೆಗಳನ್ನು ನಾಲ್ಕು ವರ್ಷಗಳವರೆಗೆ ಗಮನಿಸಿ, ಅಡಿಗೆ ಮಾಡುವ ಹೆಂಗಸರ ಉಸಿರನ್ನು ಅಳೆದು, ೨೦೧೬ರಲ್ಲಿ ವರದಿಯನ್ನು ಪ್ರಕಟಿಸಿದರು. ಮೊದಲ ವರ್ಷ ಅವರು ಒಳಗೆಳೆದ ಹೊಗೆ ಕಡಿಮೆಯಾಗಿತ್ತು. ಅನಂತರದ ವರ್ಷಗಳಲ್ಲಿ ಆ ಪ್ರಯೋಜನ ಉಳಿಯಲಿಲ್ಲ. ಒಲೆಯನ್ನು ಕ್ರಮವಾಗಿ ಬಳಸದೆ, ಸಕಾಲದಲ್ಲಿ ದುರಸ್ತಿ ಮಾಡದೆ ಬಿಟ್ಟುದೇ ಕಾರಣವೆಂದು ಅವರು ಕಂಡುಕೊಂಡರು. ಪ್ರಯೋಗಶಾಲೆಯಲ್ಲಿ ಗೆದ್ದ ಒಲೆ ಮನೆಯಲ್ಲಿ ಸೋತಿತು. ಒಲೆಯನ್ನು ಕೊಡುವುದು ಸರ್ಕಾರದಿಂದಾದೀತು, ಸಂಘಸಂಸ್ಥೆಗಳಿಂದಾದೀತು. ವರ್ಷವರ್ಷವೂ ಅದರ ಕೊಳವೆಯನ್ನು ನೋಡುವುದು ಮನೆಯವರಿಂದ ಮಾತ್ರ ಆಗಬೇಕಾದ ಕೆಲಸ.

ಆದುದರಿಂದ ವಿದ್ಯಾರ್ಥಿಗಳಲ್ಲಿ ನಮ್ಮದೊಂದು ಕೋರಿಕೆ. ಮನೆಯಲ್ಲಿ ಸೌದೆಯ ಒಲೆಯಿದ್ದರೆ ಒಂದು ವಾರ ಪ್ರತಿದಿನವೂ ಉರಿಸುವ ಸೌದೆಯನ್ನು ತಕ್ಕಡಿಯಲ್ಲಿ ತೂಗಿ ಬರೆದಿಡಿ. ತಂದೆತಾಯಿಗಳು ಕೊಳವೆಯನ್ನು ಪರೀಕ್ಷಿಸಿ ಸಂದು ಮುಚ್ಚಿದ ಮೇಲೆ ಇನ್ನೊಂದು ವಾರ ಅದೇ ಅಡಿಗೆಗೆ, ಅದೇ ಹಂಡೆಯ ನೀರಿಗೆ ಎಷ್ಟು ಸೌದೆ ಹಿಡಿಯಿತೆಂದು ತೂಗಿ ನೋಡಿ. ಎರಡು ಅಂಕಣಗಳ ಆ ಪಟ್ಟಿಯನ್ನು ನಿಮ್ಮ ವಿಜ್ಞಾನದ ಉಪಾಧ್ಯಾಯರಿಗೆ ತೋರಿಸಿ. ತೂಕ ಕಡಿಮೆಯಾದರೂ ಆಗದಿದ್ದರೂ ನಿಜವನ್ನೇ ಬರೆಯಿರಿ, ಅದೇ ವಿಜ್ಞಾನ. ಅದರೊಡನೆ ಮೂರನೆಯ ಅಂಕಣವೊಂದನ್ನು ಸೇರಿಸಿ: ಅಡಿಗೆ ಮಾಡುವಾಗ ಅಮ್ಮನಿಗೆ ಕಣ್ಣುರಿ, ಕೆಮ್ಮು ಬಂದಿತೆ, ಇಲ್ಲವೆ? ಆ ಅಂಕಣವನ್ನು ತುಂಬುವುದಕ್ಕೆ ನೀವು ಅಡಿಗೆಮನೆಯಲ್ಲಿ ಆಕೆಯ ಪಕ್ಕದಲ್ಲಿ ಸ್ವಲ್ಪ ಹೊತ್ತು ಕುಳಿತುಕೊಳ್ಳಬೇಕಾಗುತ್ತದೆ. ಅಲ್ಲಿನ ಗಾಳಿ ಹೇಗಿದೆಯೆಂಬುದು ಆಗ ನಿಮಗೇ ತಿಳಿದೀತು.

ತಂದೆಯಂದಿರಲ್ಲಿಯೂ ಒಂದು ಮಾತು. ಮಳೆಗಾಲಕ್ಕೆ ಮುಂಚೆ ಮಾಡನ್ನೂ ತಾರಸಿಯನ್ನೂ ನೋಡಿಕೊಳ್ಳುವುದು ನಮ್ಮಲ್ಲಿ ಪದ್ಧತಿ. ಅದೇ ದಿನ ಹೊಗೆಕೊಳವೆಯನ್ನೂ ನೋಡಿ. ತಾರಸಿಯ ಬಿರುಕಿನಿಂದ ಬಿದ್ದ ಹನಿಯನ್ನು ಮನೆಯವರೆಲ್ಲರೂ ಕಾಣುತ್ತಾರೆ. ಕೊಳವೆಯ ಬಿರುಕಿನ ಫಲವನ್ನು ಅನುಭವಿಸುವವಳು ಒಬ್ಬಳೇ. ಆಕೆ ಅದನ್ನು ಹೇಳಿಕೊಳ್ಳುವುದೂ ಇಲ್ಲ.